ಮಾಲಾಳ ಸರದಿ

ವನಜಾಕ್ಷಿ ಆ ನಾಲ್ಕು ಸಾಲು ಬರೆದದ್ದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತ ಕಡೆಯೇ. ಅರ್ಧ ನೆಯ್ದ ಸೀರೆಯ ಮೇಲೆ ಅಪ್ಪನ ಹಳೇ ಪಂಚೆ ಹಾಸಿ, ಅದರ ಮೇಲೆ ಪುಸ್ತಕ ಇಟ್ಟುಕೊಂಡಿದ್ದಳು. ಸಿಟ್ಟಿನಲ್ಲಿದ್ದಾಗ ಪೆನ್ನು ಮುಟ್ಟಬಾರದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ ಅಂತಲ್ಲ, ಹೇಳಿದ್ದನ್ನು ಕೇಳುವ ಜಾಯಮಾನ ಅವಳದಲ್ಲ, ಅಷ್ಟೆ. ಲಾಳಿಯನ್ನು ಪಕ್ಕಕ್ಕೆ ತಳ್ಳಿ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು, ಒಂದೇ ಉಸಿರಿಗೆ ಬರೆದಳು.

“ಮಾಲಾ, ನನ್ನ ಮದುವೆ ಗೊತ್ತಾಯಿತು ಅಂತ ನಾನು ಒಂದು ಪುಟ ಬರೆದೆ. ನೀನು ಸಂತೋಷ ಅಂತ ಒಂದು ಪದ ಬರೆದೆ, ಅದೂ ಬೇರೆಯವರ ಕೈಲಿ. ಆ ಸಂತೋಷ ನೀನೇ ಇಟ್ಟುಕೋ. ಆಡಿದ ಒಂದು ಮಾತಿಗೆ ವರ್ಷಗಟ್ಟಲೆ ಮುಖ ಊದಿಸಿಕೊಂಡು ಕೂರುವವಳು ಎಂಥ ಗೆಳತಿ? ನನ್ನ ಮದುವೆಗೆ ಬರಬೇಡ. ಬಂದರೆ ನಿನಗೆ ಎಲೆ ಹಾಕುವುದಿಲ್ಲ. ಸೊಕ್ಕಿನವಳು!”

ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿ, ಕರಿ ಕಂಬಳಿಯ ಚೀಲಕ್ಕೆ ತುರುಕಿ, ಮೊಳಕಾಲ್ಮೂರು ಬಸ್‌ ಸ್ಟ್ಯಾಂಡಿಗೆ ದಾಪುಗಾಲು ಹಾಕಿಕೊಂಡು ಹೋಗಿ ಕಂಡಕ್ಟರ್ ಪಾತಣ್ಣನ ಕೈಗೆ ಕೊಟ್ಟು ಬಂದಳು. ಆಗ ಎರಡು ಸಾವಿರನೇ ಇಸವಿಯ ಅಕ್ಟೋಬರ್ ತಿಂಗಳು.

ಈ ಪುಸ್ತಕದ ಕತೆ ಹೇಳದೆ ಮುಂದೆ ಹೋದರೆ ಪ್ರಯೋಜನವಿಲ್ಲ. ನಾಲ್ಕು ವರ್ಷದ ಹಿಂದೆ ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎ. ಕೊನೆಯ ಪರೀಕ್ಷೆ ಮುಗಿದ ದಿನ ಎಲ್ಲರೂ ಆಟೋಗ್ರಾಫ್ ಪುಸ್ತಕ ಹಿಡಿದುಕೊಂಡು ಓಡಾಡುತ್ತಿದ್ದರು. ಗುಲಾಬಿ ಹಾಳೆ, ತಿಳಿನೀಲಿ ಹಾಳೆ, ಹಾಳೆಗೊಂದು ಹೂವಿನ ಚಿತ್ರ. ಮೂರು ವರ್ಷ ಒಂದು ಮಾತೂ ಆಡದವರು ಕೂಡ ‘ಮರೆಯದಿರು’ ಅಂತ ಬರೆದು ರುಜು ಹಾಕುತ್ತಿದ್ದರು. ಅದನ್ನು ನೋಡಿ ದೇವಸಮುದ್ರದ ಮಾಲಾಳಿಗೆ ಮೈಯುರಿದುಹೋಯಿತು.

“ಇವತ್ತು ಬರ್ದು ನಾಳೆ ಮರೆಯಾಕೆ ಇಷ್ಟು ಪುಸ್ತಕ ಯಾಕ್ರಲೇ? ಒಂದೇ ಪುಸ್ತಕ ತರಾನ. ಅದು ತಿರುಗ್ತಾ ಇರ್ಲಿ, ನಮ್ಮ ಸುದ್ದಿ ಹೇಳ್ತಾ ಇರ್ಲಿ” ಅಂದಳು.

ಹಾಗೆ ಬಂದದ್ದು ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಸೇರಿದವರು ನಾಲ್ಕೇ ಜನ. ಚಳ್ಳಕೆರೆಯ ಮಹಾಂತೇಶ, ತಳಕಿನ ಹೊನ್ನೂರಸ್ವಾಮಿ, ಮೊಳಕಾಲ್ಮೂರಿನ ನೇಕಾರರ ಮನೆಯ ವನಜಾಕ್ಷಿ, ದೇವಸಮುದ್ರದ ಕುರಿಗಾರರ ಮನೆಯ ಮಾಲಾ. ಇಬ್ಬರು ಹುಡುಗಿಯರದ್ದೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಪ್ರತಿ ಶನಿವಾರ ಊರಿಗೆ ಹೊರಟಾಗ ಹೊನ್ನೂರಸ್ವಾಮಿಯೂ ಅದೇ ಬಸ್ಸು, ಮಹಾಂತೇಶ ಹತ್ತಿಸಲು ಬರುವವನು. ಆ ಬಸ್ಸು ಚಳ್ಳಕೆರೆಯಿಂದ ತಳಕು, ಮೊಳಕಾಲ್ಮೂರು ದಾಟಿ ದೇವಸಮುದ್ರಕ್ಕೆ ಹೋಗಿ ತಿರುಗುತ್ತಿತ್ತು. ಪುಸ್ತಕದ ದಾರಿಯೂ ಅದೇ ಆಯಿತು. ಅಂಚೆಯ ಗೊಡವೆಯೇ ಬೇಡ, ಪಾತಣ್ಣನ ಟಿಕೆಟ್ ಚೀಲ ಇದೆಯಲ್ಲ. ಪುಸ್ತಕಕ್ಕೆ ಚೀಲ ಬೇಕು ಅಂತ ಮಾಲಾ ಅವರಪ್ಪನ ಹರಿದ ಕಂಬಳಿಯಲ್ಲಿ ಒಂದನ್ನು ಹೊಲಿದಳು. ಅದನ್ನು ಬಿಚ್ಚಿದರೆ ಸಾಕು, ಸುದ್ದಿಗಿಂತ ಮೊದಲು ಕುರಿ ವಾಸನೆ ಬರುತ್ತದೆ ಅಂತ ಮಹಾಂತೇಶ ಬರೆದಿದ್ದ.

ಮೊದಲ ಪುಟದ ನಿಯಮವನ್ನೂ ಮಾಲಾಳೇ ಬರೆದಳು. ಅವಳ ಅಕ್ಷರವೆಂದರೆ ಮುತ್ತು, ಮೇಷ್ಟರುಗಳೇ ಅವಳ ನೋಟ್ಸು ತರಿಸಿಕೊಂಡು ನೋಡುತ್ತಿದ್ದರು. “ಹದಿನೈದು ದಿನಕ್ಕಿಂತ ಹೆಚ್ಚು ಯಾರೂ ಇಟ್ಟುಕೊಳ್ಳಬಾರದು. ತಮ್ಮ ಸುದ್ದಿ ತಾವೇ ಬರೆಯಬೇಕು. ಬರೆಯದೆ ಖಾಲಿ ಕಳಿಸಿದವರನ್ನು ಸತ್ತರು ಅಂತ ತಿಳಿದು ಅವರ ಮನೆಗೆ ಪುಸ್ತಕ ಕಳಿಸುವುದನ್ನು ನಿಲ್ಲಿಸಲಾಗುವುದು.” ಕೆಳಗೆ ನಾಲ್ವರ ರುಜು. ರುಜು ಹಾಕುವಾಗ ನಾಲ್ವರೂ ನಗುತ್ತಿದ್ದರು. ಇಪ್ಪತ್ತೊಂದು ವರ್ಷದವರಿಗೆ ಸಾವು ಅಂದರೆ ತಮಾಷೆಯೇ.

ಆಮೇಲೆ ಪುಸ್ತಕ ತಿರುಗಿತು. ಒಂದು ಸುತ್ತಿಗೆ ಎರಡು ತಿಂಗಳು ಹಿಡಿಯುತ್ತಿತ್ತು. ಮಹಾಂತೇಶ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾದ, ಮಿಲ್ಲು ಬಾಗಿಲು ಹಾಕಿತು, ಒಂದು ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ಕೂತ. “ಊರವರ ಜಗಳವೆಲ್ಲ ಕೇಳಿಸಿಕೊಳ್ಳುವುದೇ ಕೆಲಸ” ಅಂತ ಬರೆದ. ಹೊನ್ನೂರಸ್ವಾಮಿ ಮೂರು ಸಲ ಪೊಲೀಸ್ ಆಯ್ಕೆಗೆ ಹೋಗಿ ಮೂರು ಸಲವೂ ಎದೆಯ ಅಳತೆ ಅರ್ಧ ಇಂಚು ಸಾಲದೆ ವಾಪಸು ಬಂದ. ಗಾರೆ ಕೆಲಸಕ್ಕೆ ಸೇರಿದ ಎರಡು ವರ್ಷಕ್ಕೆ ಎದೆ ಒಂದು ಇಂಚು ಬೆಳೆದಿತ್ತು, ಅಷ್ಟರಲ್ಲಿ ವಯಸ್ಸಿನ ಮಿತಿ ಮೀರಿತ್ತು. ಮಗಳು ಹುಟ್ಟಿದಳು ಅಂತ ಬರೆದ, ಹಲ್ಲು ಬಂತು ಅಂತ ಬರೆದ. ವನಜಾಕ್ಷಿಯ ಪದವಿ ಪತ್ರ ಟ್ರಂಕಿನಲ್ಲಿ ಮಲಗಿತು, ಅವಳು ಅಪ್ಪ ದೊಡ್ಡೀರಪ್ಪನ ಪಕ್ಕದ ಮಗ್ಗದಲ್ಲಿ ಕೂತಳು. ಯಾರಿಗೂ ಓದು ತೋರಿಸಿದ ಕಡೆ ಹೋಗಲು ಆಗಲಿಲ್ಲ. ಆದರೂ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಅಳುಮುಂಜಿ ಮುಖ ತೋರಿಸಿಕೊಂಡವರಲ್ಲ, ಅದಕ್ಕೆ ಕಾರಣ ಮಾಲಾ.

“ನಮ್ಮಪ್ಪ ಹುಲಿಯಪ್ಪನಿಗೆ ಬಿ.ಎ. ಸರ್ಟಿಫಿಕೇಟು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಇದು ನೆನೆದರೆ ಏನಾಗುತ್ತೆ ಅಂತ ಕೇಳಿದ. ಹಾಳಾಗುತ್ತೆ ಅಂದೆ. ಹಂಗಾದ್ರೆ ಕಂಬಳಿನೇ ವಾಸಿ ಅಂದ” ಅಂತ ಒಂದು ಸಲ. “ನಮ್ಮ ಕುರಿಗಳಿಗೆಲ್ಲ ಕಾಲೇಜಿನ ಮೇಷ್ಟರುಗಳ ಹೆಸರಿಟ್ಟಿದ್ದೇನೆ. ನಿನ್ನೆ ಅರ್ಥಶಾಸ್ತ್ರದವರು ಎರಡು ಮರಿ ಹಾಕಿದರು, ಬಾಣಂತಿ, ಮರಿಗಳು ಕ್ಷೇಮ” ಅಂತ ಇನ್ನೊಂದು ಸಲ. ವನಜಾಕ್ಷಿ ಅದನ್ನು ಓದಿ ನಕ್ಕು ನಕ್ಕು ಲಾಳಿ ಕೈತಪ್ಪಿ ಎಳೆ ಹರಿದು ಅಪ್ಪನಿಂದ ಬೈಸಿಕೊಂಡದ್ದುಂಟು.

ಬರೆಯುವುದಷ್ಟೇ ಅಲ್ಲ, ಮಾಲಾ ತಿಂಗಳಿಗೋ ಎರಡು ತಿಂಗಳಿಗೋ ಸಂತೆಯ ದಿನ ಪಾತಣ್ಣನ ಬಸ್ಸಿನಲ್ಲಿ ಬಂದುಬಿಡುತ್ತಿದ್ದಳು. ಮಗ್ಗದ ಪಕ್ಕ ಗೋಡೆಗೊರಗಿ ಕೂತು, ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, “ನನ್ ಸೀರೆ ಯಾವಾಗಲೇ ವನಜಿ?” ಅಂತ ಕೇಳುವಳು. ಹಾಸ್ಟೆಲಿನಲ್ಲಿ ಒಂದು ದಿನ ವನಜಾಕ್ಷಿ ಕೊಟ್ಟ ಮಾತು ಅದು. ಕಪ್ಪು ಒಡಲು, ಕೆಂಪು ಅಂಚು, ಸೆರಗಿಗೆ ರುದ್ರಾಕ್ಷಿ ಚಿತ್ತಾರ, ನನ್ನ ಕೈಯಿಂದ ನಿನಗೊಂದು. ಮನೆಯ ಮಗ್ಗದಲ್ಲಿ ಬೇರೆಯವರ ಸೀರೆ ಇಳಿದ ಮೇಲೆ ಬೇರೆಯವರದ್ದೇ ಏರುತ್ತಿತ್ತು, ಮಾಲಾಳ ಸೀರೆಗೆ ಸರದಿಯೇ ಬರಲಿಲ್ಲ.

ತೊಂಬತ್ತೊಂಬತ್ತರ ನವೆಂಬರಿನಲ್ಲಿ ಹಾಗೇ ಒಂದು ಸಂತೆಯ ದಿನ ಮಾಲಾ ಬಂದಾಗ ವನಜಾಕ್ಷಿಯ ಸೊಂಟ ಬೆಳಗಿನಿಂದ ಬಿದ್ದುಹೋಗುತ್ತಿತ್ತು. ಕೆಲಸ ಮುಗಿಯದೆ ಅಪ್ಪ ಗೊಣಗುತ್ತಿದ್ದ. ಅದೇ ಹೊತ್ತಿಗೆ, “ನನ್ ಸೀರೆ ಯಾವಾಗಲೇ?”

“ಕುರಿ ಕಾಯೋಳಿಗೆ ರೇಷ್ಮೆ ಸೀರೆ ಯಾಕೆ? ಮುಳ್ಳಿಗೆ ಸಿಗಿಸಿ ಹರ್ಕಣಾಕಾ?” ಅಂದುಬಿಟ್ಟಳು ವನಜಾಕ್ಷಿ.

ಮಾಲಾ ನಕ್ಕಳು. ಆದರೆ ನಕ್ಕ ಮೇಲೆ ಹೆಚ್ಚು ಹೊತ್ತು ಕೂರಲಿಲ್ಲ. ಉಂಡು ಹೋಗು ಅಂದರೂ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಅವಳು ಬರಲಿಲ್ಲ. ಮುಂದಿನ ಸುತ್ತಿನಲ್ಲಿ ಪುಸ್ತಕ ಬಂದಾಗ ಮಾಲಾಳ ಪುಟದಲ್ಲಿ ಗೊತ್ತಿಲ್ಲದ ಯಾರದೋ ಅಕ್ಷರ, ಅಡ್ಡಾದಿಡ್ಡಿ. “ಕೈ ಸುಟ್ಟಿದೆ. ಬೇರೆಯವರ ಕೈಲಿ ಬರೆಸಿದ್ದೇನೆ. ನಾನು ಚೆನ್ನಾಗಿದ್ದೇನೆ. ಎಲ್ಲರೂ ಚೆನ್ನಾಗಿರಿ.” ಅದರ ಮುಂದಿನ ಸುತ್ತಿನಲ್ಲಿಯೂ ಅಷ್ಟೇ. ಮತ್ತೊಂದರಲ್ಲಿಯೂ ಅಷ್ಟೇ. ಪಾತಣ್ಣನನ್ನು ಕೇಳಿದರೆ, “ಕುರಿ ಜತೆ ಗದ್ದೆ ಸೀಮೆಗೆ ಹೋಗೈತವ್ವ” ಅಂತ ಮುಖ ಆಕಡೆ ಮಾಡಿ ಸೀಟಿ ಊದುವನು. ಯಾವ ಸುಟ್ಟ ಗಾಯ ಒಂಬತ್ತು ತಿಂಗಳು ಇರುತ್ತದೆ? ಮಾತು ನಾಟಿದೆ, ಅದಕ್ಕೇ ಅಂತ ವನಜಾಕ್ಷಿ ತೀರ್ಮಾನ ಮಾಡಿದಳು. ಎರಡು ಸಲ ‘ನನ್ನದು ತಪ್ಪಾಯಿತು ಮಾಲಿ’ ಅಂತ ಬರೆಯಲು ಹೋಗಿ, ಮಹಾಂತೇಶನೂ ಹೊನ್ನೂರಸ್ವಾಮಿಯೂ ಓದುತ್ತಾರಲ್ಲ ಅಂತ ಬಿಟ್ಟಳು. ಬರೆಯಬೇಕಾಗಿತ್ತು. ಅದರ ಬದಲು ಅವಳು ಬರೆದದ್ದು, ಮೊದಲೇ ಹೇಳಿದೆನಲ್ಲ, ಆ ಬೈಗಳ.

ಪುಸ್ತಕ ಮತ್ತೆ ಅವಳ ಕೈಗೆ ಬಂದದ್ದು ಜನವರಿಯಲ್ಲಿ. ಮಹಾಂತೇಶ, “ವನಜಾಕ್ಷಿ, ಇಷ್ಟು ಸಿಟ್ಟು ಒಳ್ಳೆಯದಲ್ಲ, ಅವಳೂ ಪಾಪ ತಪ್ಪೊಪ್ಪಿಕೊಂಡಿದ್ದಾಳೆ” ಅಂತ ಬರೆದಿದ್ದ. ವನಜಾಕ್ಷಿ ಆತುರದಲ್ಲಿ ಹಿಂದಿನ ಪುಟ ತೆಗೆದಳು. ಅದೇ ಅಡ್ಡಾದಿಡ್ಡಿ ಅಕ್ಷರ.

“ತಪ್ಪಾತು ಕಣವ್ವ. ಸಿಟ್ಟು ಮಾಡ್ಕಬ್ಯಾಡ. ನಿನ್ನ ಮದುವೆ ಚೆನ್ನಾಗಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಮಗ್ಗದಾಗೆ ಕುಂತು ಕುಂತು ಸೊಂಟ ಕೆಡಿಸ್ಕಬ್ಯಾಡ. ಪುಸ್ತಕ ಕಳಿಸಾದು ನಿಲ್ಲಿಸಬ್ಯಾಡ.”

ಓದಿದ ತಕ್ಷಣ ಅವಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಮಾಲಾ ಒಂದಕ್ಕೆ ಹತ್ತು ಹಿಂದಿರುಗಿಸುವವಳು. ಹಾಸ್ಟೆಲಿನಲ್ಲಿ ವಾರ್ಡನ್ ಎದುರು ಅರ್ಧ ದಿನ ನಿಂತಿದ್ದಳೇ ಹೊರತು ತಪ್ಪಾಯಿತು ಅಂತ ಬಾಯಿಬಿಟ್ಟವಳಲ್ಲ. ಎಲೆ ಹಾಕಲ್ಲ ಅಂದರೆ ಎಲೆ ನಾನೇ ತರುತ್ತೇನೆ, ನೀನು ಪಾಯಸ ಬಡಿಸು ಅನ್ನುವವಳು. ಈ ಪುಟದಲ್ಲಿ ಮಾತಾಡುತ್ತಿರುವುದು ಮಾಲಾ ಅಲ್ಲ ಅಂತ ವನಜಾಕ್ಷಿಗೆ ಅನ್ನಿಸಿತು. ಹಾಗನ್ನಿಸಿದ ಮೇಲೆ ಲಾಳಿ ಕೈಯಲ್ಲಿ ನಿಲ್ಲಲಿಲ್ಲ.

“ಅಪ್ಪ, ನಾನು ದೇವಸಮುದ್ರಕ್ಕೆ ಹೋಗಿ ಬರ್ತೀನಿ.”

ಮದುವೆ ಗೊತ್ತಾದ ಹುಡುಗಿ ಒಬ್ಬಳೇ ಊರೂರು ತಿರುಗುವುದು ಚೆಂದವೇ ಅಂತ ದೊಡ್ಡೀರಪ್ಪ ಬಾಯಿ ತೆರೆದವನು, ಮಗಳ ಮುಖ ನೋಡಿ ಪುಸ್ತಕಕ್ಕೆ ಕೈ ಚಾಚಿದ. ನಿಧಾನಕ್ಕೆ ಆ ಪುಟ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ.

“ಹೋಗ್ಬಾ” ಅಂದ.

ಬಸ್ಸಿನ ಮೆಟ್ಟಿಲ ಮೇಲೆ ಅವಳನ್ನು ನೋಡಿ ಪಾತಣ್ಣನ ಬಾಯಲ್ಲಿದ್ದ ಸೀಟಿ ಹಾಗೇ ನಿಂತಿತು. ಎಲ್ಲಿಗೆ ಅಂತ ಕೇಳಲಿಲ್ಲ, ಟಿಕೆಟು ಹರಿಯಲಿಲ್ಲ. ಎಲ್ಲರ ಹತ್ತಿರ “ರಾವಯ್ಯಾ, ಮುಂದಕ್ಕೆ ಹೋಗ್ರಿ” ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಾಡುವ ಮನುಷ್ಯ ಅವತ್ತು ಮುಕ್ಕಾಲು ಗಂಟೆಯ ದಾರಿ ಹಿಂಬಾಗಿಲಲ್ಲೇ ನಿಂತಿದ್ದ. ಕಿಟಕಿಯ ಆಚೆ ಬಂಡೆಗುಡ್ಡ, ಜಾಲಿ, ಶೇಂಗಾ ಕಿತ್ತ ಕೆಂಪು ಹೊಲ ಹಿಂದೆ ಸರಿಯುತ್ತಿದ್ದವು. ಮಾಲಾಳಿಗೆ ಮೊದಲು ಏನು ಹೇಳಬೇಕು ಅಂತ ವನಜಾಕ್ಷಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಮೊದಲು ಒಂದು ಬೈಯುವುದು, ಆಮೇಲೆ ತಪ್ಪಾಯಿತು ಅನ್ನುವುದು, ಆಮೇಲೆ ಸೀರೆಯ ಮಾತು.

ದೇವಸಮುದ್ರದಲ್ಲಿ ಜನ ಇಳಿದ ಮೇಲೆ ಪಾತಣ್ಣ ಅವಳ ಹಿಂದೆಯೇ ಇಳಿದ. ಬೇವಿನ ಮರದ ನೆರಳಿಗೆ ಬಂದು, ಟಿಕೆಟ್ ಚೀಲವನ್ನು ಎದೆಗೆ ಅವುಚಿಕೊಂಡು ನಿಂತ.

“ಅವ್ವಾ, ಆ ಅಕ್ಷರ ನಂದು” ಅಂದ.

“ಯಾವ ಅಕ್ಷರ?”

“ಪುಸ್ತಕದಾಗಿಂದು. ವರ್ಷದಿಂದ ನಾನೇ ಬರೀತಿದೀನಿ.” ಅವನು ಬಸ್ಸಿನ ಕಡೆ ಬೆನ್ನು ಮಾಡಿದ. “ಮೊನ್ನೆ ಎಳ್ಳಮಾಸೆಗೆ ವರ್ಷ ತುಂಬ್ತವ್ವ. ಗಂಗಾವತಿ ಕಡೆ ಗದ್ದೇಲಿ ಕುರಿ ನಿಲ್ಲಿಸಿದ್ರು. ಅತ್ತಿಗೆ ಬಾಣಂತಿ, ಕುರಿ ಹಟ್ಟೀಲಿ ಅಡಿಗೆ ಮಾಡೋರಿಲ್ಲ ಅಂತ ಈ ಹುಡುಗಿ ಹೋಗಿತ್ತು. ಜ್ವರ ಬಂತು, ತಲೆಗೇರ್ತು. ನಾಕೇ ದಿನ. ಅಲ್ಲೇ ಕಾಲುವೆ ದಂಡೇಲಿ ಮಣ್ಣು ಮಾಡಿ ಬಂದ್ರು.”

ಡ್ರೈವರ್ ಎರಡು ಸಲ ಹಾರನ್ ಹೊಡೆದ. ಪಾತಣ್ಣ ಆ ಕಡೆ ನೋಡಲೇ ಇಲ್ಲ.

“ನಿಂಗೆ ಹೇಳ್ಬೇಕು ಅಂತ ದಿನಾ ಅನ್ಕಂತಿದ್ದೆ. ಆದ್ರೆ ಅವರವ್ವ ನನ್ ಕೈ ಹಿಡ್ಕಂಡು ಆಣೆ ಮಾಡಿಸ್ಕಂಡಳು. ನೀನು ಬೈದು ಬರ್ದಿದ್ದೂ ನಾನೇ ಓದಿ ಹೇಳಿದೆ. ಬಿಟ್ಟು ಓದಾನ ಅಂದ್ಕಂಡೆ, ಆ ಯಮ್ಮ ನನ್ ಮುಖ ನೋಡೇ ಕಂಡುಹಿಡಿದ್ಳು.”

ವನಜಾಕ್ಷಿಗೆ ಮೊದಲು ತಟ್ಟಿದ್ದು ಸಾವಲ್ಲ, ಲೆಕ್ಕ. ಎಳ್ಳಮಾಸೆಗೆ ವರ್ಷ, ಸಂತೆಗೆ ಬಂದು ಹೋದ ಎರಡೇ ತಿಂಗಳಿಗೆ. ಅಂದರೆ ಆ ಸಂತೆಯ ದಿನವೇ ಕೊನೆ. ತನ್ನ ಬಾಯಿಂದ ಮಾಲಾ ಕೇಳಿದ ಕೊನೆಯ ಮಾತು ಅದೇ, ಕುರಿ ಕಾಯೋಳಿಗೆ ರೇಷ್ಮೆ ಯಾಕೆ ಅಂತ. ಆಮೇಲೆ, ಸತ್ತು ಹತ್ತು ತಿಂಗಳಾದವಳಿಗೆ ಸೊಕ್ಕಿನವಳು ಅಂತ ಬರೆದದ್ದು. ಅದನ್ನು ಹೆತ್ತವಳ ಕಿವಿಗೆ ಹಾಕಿಸಿದ್ದು. ಅವಳು ಬೇವಿನ ಬುಡದಲ್ಲಿ ಕೂತುಬಿಟ್ಟಳು. ತಿರುಗಿ ಅದೇ ಬಸ್ಸು ಹತ್ತಿ ಓಡಿಹೋಗಬೇಕು ಅನ್ನಿಸಿತು. ಬಸ್ಸು ಹೊರಟುಹೋದದ್ದು ಒಳ್ಳೆಯದೇ ಆಯಿತು.

ಮಾಲಾಳ ಮನೆ ಊರ ಅಂಚಿನಲ್ಲಿ, ಮುಂದೆ ಕುರಿ ಕೂಡುವ ಜಾಲಿಮುಳ್ಳಿನ ಬೇಲಿಯ ರೊಪ್ಪ. ಹುಲಿಯಪ್ಪನೂ ಮಗನೂ ಮಂದೆಯ ಜೊತೆ ಹೋಗಿದ್ದರು. ರೊಪ್ಪದಲ್ಲಿ ಉಳಿದಿದ್ದವು ನಾಲ್ಕಾರು ಕುರಿ, ಒಂದೆರಡು ಮರಿ. ಅವುಗಳಿಗೆ ಸೊಪ್ಪು ಕಟ್ಟುತ್ತಿದ್ದ ರಂಗಕ್ಕ ತಲೆಯೆತ್ತಿ ನೋಡಿದಳು.

“ಯಾರವ್ವ?”

“ವನಜಾಕ್ಷಿ. ಮೊಳಕಾಲ್ಮೂರು.”

ರಂಗಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಕಣ್ಣು, ಮೂಗು, ನಿಲ್ಲುವ ಠೀವಿ ಎಲ್ಲ ಮಾಲಾಳದೇ. ಅದನ್ನು ನೋಡಲು ವನಜಾಕ್ಷಿಗೆ ಆಗಲಿಲ್ಲ.

“ಬೈಯಾಕೆ ಬಂದ್ಯೇನವ್ವ?” ಅಂತ ಕೇಳಿದಳು ರಂಗಕ್ಕ. ವ್ಯಂಗ್ಯವಿಲ್ಲ, ಸಿಟ್ಟಿಲ್ಲ, ಊಟಕ್ಕೆ ಬಂದೆಯಾ ಅಂತ ಕೇಳಿದ ಹಾಗೆ. “ಬಾ, ಕುಂತ್ಕ. ಕುಂತ್ಕಂಡು ಬೈ, ನಾನು ಕೇಳ್ತೀನಿ.”

ವನಜಾಕ್ಷಿ ಅವಳ ಕಾಲು ಹಿಡಿದುಕೊಂಡು ಅತ್ತಳು. ಮರ್ಯಾದೆ ನೋಡಿ ಅಳುವ ಅಳು ಅಲ್ಲ ಅದು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು, ಕುರಿಗಳು ಬೆಚ್ಚಿ ಮೂಲೆಗೆ ಸೇರಿದವು. ರಂಗಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ತನ್ನ ಪಾಲಿನ ಅಳು ಅವಳು ಎಂದೋ ಮುಗಿಸಿದ್ದಳು. ಆಮೇಲೆ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದು ಕುಡಿಸಿದಳು.

“ಯಾಕವ್ವ ಹಿಂಗೆ ಮಾಡಿದ್ರಿ? ಒಂದು ಮಾತು ತಿಳಿಸಿದ್ರೆ ಓಡಿ ಬರ್ತಿರ್ಲಿಲ್ಲವಾ ನಾನು?”

“ಬರ್ತಿದ್ದೆ. ಬಂದು, ಅತ್ತು, ಹೋಗ್ತಿದ್ದೆ. ಆಮ್ಯಾಲೆ?” ಅಂದಳು ರಂಗಕ್ಕ. “ಮಾಲಾ ಹೋಗಿ ಹದಿನೈದು ದಿನಕ್ಕೆ ಪಾತಣ್ಣ ಆ ಚೀಲ ಹಿಡ್ಕಂಡು ಬಾಗ್ಲಿಗೆ ಬಂದ. ಅವ್ಳು ಹೊಲಿದಿದ್ದ ಚೀಲ. ಏನೈತೆ ಓದಪ್ಪಾ ಅಂದೆ. ಮೊದಲ್ನೇ ಹಾಳೆಯಿಂದ ಓದಿದ. ಬರೀದೆ ಕಳಿಸಿದ್ರೆ ಸತ್ತೋರ ಲೆಕ್ಕ, ಆ ಮನೆಗೆ ಪುಸ್ತಕ ಕಳಿಸಾದಿಲ್ಲ ಅಂತ ಬರ್ದೈತಲ್ಲವ್ವ ಅದ್ರಾಗೆ. ನನ್ ಮಗಳೇ ಬರ್ದಿರಾದಂತೆ. ಖಾಲಿ ಕಳಿಸಾಕೆ ನನ್ ಕೈಲಿ ಆಗ್ಲಿಲ್ಲ.”

ನಾಲ್ವರು ನಗುತ್ತ ರುಜು ಹಾಕಿದ್ದ ಪುಟ. ಅದು ತಮಾಷೆ ಅಂತ ಈ ತಾಯಿಗೆ ಯಾರು ಹೇಳಬೇಕಿತ್ತು?

“ಬಸ್ಸು ತಿರುಗಿಸಾಕೆ ಇಪ್ಪತ್ತು ನಿಮಿಷ ನಿಲ್ತೈತೆ. ಅಷ್ಟೊತ್ತೂ ಪಾತಣ್ಣ ಓದ್ತಿದ್ದ. ಆ ಗಾರೆ ಕೆಲ್ಸದ ಹುಡುಗನ ಮಗೀಗೆ ಎರಡು ಹಲ್ಲು ಬಂದ್ವಂತಲ್ಲ, ಈಗ ನಡೀತೈತಾ? ಆ ಫೋನಿನ ಅಂಗಡಿ ಹುಡುಗ ಇನ್ನೂ ಮದುವೆ ಒಲ್ಲೆ ಅಂತಾನಾ?” ರಂಗಕ್ಕ ನಿಜವಾಗಿ ಉತ್ತರಕ್ಕೆ ಕಾದಳು. “ನನ್ ಮಗಳು ಇದ್ದಿದ್ರೆ ಅವ್ಳಿಗೂ ಇಂಥವೇ ಏನಾದ್ರೂ ಆಗ್ತಿದ್ವು ಅನ್ಕಂತ ಕೇಳ್ತಿದ್ದೆ.”

“ನಾನು ಬರ್ದಿದ್ದು...” ಅಂದಳು ವನಜಾಕ್ಷಿ.

“ಅದನ್ನ ಮೂರು ಸಲ ಓದಿಸ್ದೆ.”

“ಅವ್ವಾ...”

“ಕೇಳಿಲ್ಲಿ. ಅವ್ಳು ಹೋದಾಗಿಂದ ಈ ಊರಾಗೆ ಎಲ್ರೂ ಅಂಥ ಮಗಳು, ಇಂಥ ಮಗಳು, ಬಂಗಾರ, ಪಾಪ ಅಂತಾರೆ. ಸತ್ತೋರ್ನ ಯಾರೂ ಬೈಯಲ್ಲ ನೋಡವ್ವ. ನೀನೊಬ್ಳೇ ಬೈದಿದ್ದು. ಸೊಕ್ಕಿನೋಳು, ಎಲೆ ಹಾಕಲ್ಲ ಅಂತ. ಹೌದು, ಸೊಕ್ಕಿತ್ತು ಅವ್ಳಿಗೆ, ನಾನೂ ಬೈತಿದ್ದೆ. ಪಾತಣ್ಣ ಓದಾಗ ನನ್ ಮಗಳು ಎಲ್ಲೋ ಬದುಕಿದಾಳೆ, ಯಾರತ್ರಾನೋ ಜಗಳ ಮಾಡ್ಕಂಡಿದಾಳೆ, ಸಾಯಂಕಾಲ ಮನೆಗೆ ಬರ್ತಾಳೆ ಅನ್ನಿಸ್ತು. ಅವತ್ತೊಂದಿನ ನಾನು ಹೊಟ್ಟೆ ತುಂಬ ಉಂಡೆ.”

ಬೇಲಿಯ ಹತ್ತಿರ ನಿಂತಿದ್ದವರು ಒಬ್ಬೊಬ್ಬರೇ ಹೋದರು. ರಂಗಕ್ಕ ರೊಪ್ಪದ ಕಡೆ ತಿರುಗಿ, “ರೇಷ್ಮೇ... ಬಾರೇ ರೇಷ್ಮೆ!” ಅಂತ ಕರೆದಳು. ಮೂಲೆಯಿಂದ ಒಂದು ಕರಿ ಕುರಿ, ಹಣೆಯ ಮೇಲೆ ಬಿಳಿ ಮಚ್ಚೆಯದು, ಎದ್ದು ಬಂದು ಅವಳ ಕೈ ಮೂಸಿತು.

“ಇದು ಕಡೇ ಮರಿ, ಅವ್ಳು ಹೆಸರಿಟ್ಟಿದ್ದು. ಮೊಳಕಾಲ್ಮೂರಿಂದ ಬಂದೋಳೇ ಇದನ್ನ ಎತ್ಕಂಡು, ಕುರಿ ಕಾಯೋಳಿಗೆ ರೇಷ್ಮೆ ಬ್ಯಾಡಂತೆ ಕಣವ್ವ, ನಮ್ ವನಜಿ ಅಂದ್ಳು, ಹೋಗ್ಲಿ ರೇಷ್ಮೆನೇ ಕಾಯ್ತೀನಿ ಬಿಡು ಅಂದ್ಳು. ನಕ್ಕಿದ್ದೇ ನಕ್ಕಿದ್ದು.”

“ಬೇಜಾರು ಮಾಡ್ಕಂಡಿರ್ಲಿಲ್ಲವಾ ಅವ್ವ?”

ರಂಗಕ್ಕ ಸ್ವಲ್ಪ ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಅವಳು. ಹೇಳಿದ ಒಂದೇ ಸುಳ್ಳಿಗೆ ಕಂಡಕ್ಟರನ ಕೈಯನ್ನು ಸಾಲ ತೆಗೆದುಕೊಂಡಿದ್ದಳು.

“ಅವತ್ತು ಉಣ್ಣಲಿಲ್ಲ” ಅಂದಳು. “ಮಾರ್ನೇ ದಿನ ಸರಿಹೋದ್ಳು.”

ವನಜಾಕ್ಷಿ ಕುರಿಯ ಹಣೆ ಮುಟ್ಟಿದಳು. ಅದು ಹಿಂದೆ ಸರಿಯಲಿಲ್ಲ. ಮಾರನೇ ದಿನ ಸರಿಹೋದಳು ಅನ್ನುವುದನ್ನು ಅವಳು ಎಷ್ಟೋ ವರ್ಷ ಮನಸ್ಸಿನಲ್ಲಿ ಹೇಳಿಕೊಳ್ಳುವವಳಿದ್ದಳು. ಆ ಒಂದು ಹೊತ್ತಿನ ಊಟ ಮಾತ್ರ ಎಂದಿಗೂ ಸರಿಹೋಗಲಿಲ್ಲ.

“ಈಗ ನೀನು ಅವ್ರಿಗೆಲ್ಲ ಬರೀತೀಯ” ಅಂದಳು ರಂಗಕ್ಕ. ಕೇಳಿದ್ದಲ್ಲ, ತಾನೇ ತೀರ್ಪು ಕೊಟ್ಟ ಹಾಗೆ. “ಬರೀಬೇಕು, ಸರಿನೇ. ಇನ್ನು ಪಾತಣ್ಣ ಆ ಚೀಲ ತಗಂಡು ಬರಲ್ಲ.”

ವನಜಾಕ್ಷಿ ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ಮಾಲಾಳ ಮುತ್ತಿನ ಅಕ್ಷರ. ಆ ಕೊನೆಯ ನಿಯಮವನ್ನು ಹೊಡೆದುಹಾಕಲು ಪೆನ್ನು ಹಿಡಿದಳು, ಕೈ ಬರಲಿಲ್ಲ. ಅವಳ ಅಕ್ಷರ ಇನ್ನೆಲ್ಲಿ ಸಿಗಬೇಕು? ಪುಟ ತಿರುವಿ, ಖಾಲಿ ಹಾಳೆಯಲ್ಲಿ ಬರೆದಳು. “ನಮ್ಮ ಮಾಲಾ ಹೋದ ವರ್ಷದ ಎಳ್ಳಮಾಸೆಯ ದಿನ ತೀರಿಕೊಂಡಳು. ಇನ್ನು ಮೇಲೆ ಅವಳ ಸರದಿ ಅವರವ್ವ ರಂಗಕ್ಕನದು. ಇವತ್ತಿನ ಸುದ್ದಿ ಅವರ ಬಾಯಿಂದ.”

ಓದಿ ಹೇಳಿದಾಗ ರಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. “ನನ್ದೇನೈತವ್ವ ಸುದ್ದಿ” ಅಂದಳು.

“ಏನಾದ್ರೂ ಹೇಳ್ರಿ.”

“ರೇಷ್ಮೆ ಗಬ್ಬ ಆಗೈತೆ ಅಂತ ಬರಿ” ಅಂದಳು.

ವನಜಾಕ್ಷಿ ಬರೆದಳು. ಅದರ ಕೆಳಗೆ ಗೆಳೆಯರಿಬ್ಬರಿಗೆ ತನ್ನದೊಂದು ಪುಟ ಸೇರಿಸಿ, ಆ ದಿನ ರಂಗಕ್ಕ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಇಟ್ಟಳು. ಬೈಗಳವನ್ನು ಮೂರು ಸಲ ಓದಿಸಿದ್ದು, ಹೊಟ್ಟೆ ತುಂಬ ಉಂಡದ್ದು, ಎಲ್ಲ.

ಪುಸ್ತಕ ಚಳ್ಳಕೆರೆ, ತಳಕು ಸುತ್ತಿ ಮೊಳಕಾಲ್ಮೂರಿಗೆ ಬಂದಾಗ ಯುಗಾದಿ ಹತ್ತಿರವಿತ್ತು. ವನಜಾಕ್ಷಿಯ ಮದುವೆಗೆ ಒಂದು ತಿಂಗಳು. ಮಗ್ಗದಲ್ಲಿ ಕೂತಲ್ಲೇ ಅವಳು ಪುಸ್ತಕ ಬಿಚ್ಚಿ ಓದಿದಳು.

ಮಹಾಂತೇಶನ ಪುಟದ ಮೊದಲ ಸಾಲು, “ಎಂಟು ದಿನ ಏನೂ ಬರೆಯಲು ಆಗಲಿಲ್ಲ.” ಅದರ ಕೆಳಗೆ, “ಮಾಲಾ, ನೀನು ಕಳ್ಳಿ. ನನ್ನ ಸಮಾಜಶಾಸ್ತ್ರದ ನೋಟ್ಸು ತೆಗೆದುಕೊಂಡು ಹೋಗಿ, ನಿನ್ನ ಅಕ್ಷರ ಓದಲು ಆಗಲ್ಲ ಅಂತ ಮೂರು ಜನರ ಮುಂದೆ ಮಾನ ಕಳೆದೆ. ನೋಟ್ಸನ್ನೂ ವಾಪಸು ಕೊಡಲಿಲ್ಲ. ಎಂಥ ನಾಚಿಕೆಗೆಟ್ಟವಳು ನೀನು! ರಂಗಕ್ಕ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ.”

ಹೊನ್ನೂರಸ್ವಾಮಿ ಎಂದೂ ಐದು ಸಾಲಿಗಿಂತ ಹೆಚ್ಚು ಬರೆದವನಲ್ಲ, ಈ ಸಲ ಎರಡು ಪುಟ. ಮೂರು ವರ್ಷ ಬಸ್ಸಿನಲ್ಲಿ ಕಿಟಕಿ ಸೀಟು ಒಂದು ದಿನವೂ ಬಿಟ್ಟುಕೊಡದವಳು, ತನ್ನ ಬುತ್ತಿಯ ಶೇಂಗಾ ಚಟ್ನಿ ಖಾಲಿ ಮಾಡಿ ಡಬ್ಬಿಯಲ್ಲಿ ಕಲ್ಲು ತುಂಬಿಟ್ಟವಳು, ಎದೆ ಅಳತೆ ಸಾಲಲಿಲ್ಲ ಅಂದಾಗ ಹುಂಜದ ಚಿತ್ರ ಬರೆದು ಕಳಿಸಿದವಳು ಅಂತ ಒಂದೊಂದಾಗಿ ಹೇಳಿ ಹೀನಾಮಾನ ಬೈದಿದ್ದ. “ರಂಗಕ್ಕಾ, ನಮ್ಮ ಮಗಳು ನಡೀತಾಳೆ. ಥೇಟ್ ಮಾಲಾಳ ಹಾಗೇ, ಹೇಳಿದ ಒಂದು ಮಾತೂ ಕೇಳಲ್ಲ” ಅಂತ ಮುಗಿಸಿದ್ದ. ಕೊನೆಯ ಸಾಲಿನ ಶಾಯಿ ಅಲ್ಲಲ್ಲಿ ಕದಡಿತ್ತು.

ಆಗ ವನಜಾಕ್ಷಿಯ ಸರದಿ. ಪೆನ್ನು ಹಿಡಿದು ಕೂತಳು. ಪಕ್ಕದ ಮಗ್ಗದ ಸದ್ದು ನಿಂತಿತು.

“ಏನ್ ಬರೀತಿದೀಯ?” ಅಂತ ದೊಡ್ಡೀರಪ್ಪ ಕೇಳಿದ.

“ಬೈತಿದೀನಪ್ಪ.”

ಅವನು ಲಾಳಿಯನ್ನು ಕೈಯಲ್ಲಿ ತಿರುಗಿಸಿದ. “ಬೈ” ಅಂದ. “ಚೆನ್ನಾಗಿ ಬೈ.”

“ಲೇ ಮಾಲಿ,” ಅಂತ ಅವಳು ಬರೆದಳು. “ಒಂದು ಮಾತು ಹೇಳದೆ ಹೋದವಳು ನೀನು, ನಿನಗೆ ಏನೆಂದು ಬೈಯಲಿ? ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಉಣ್ಣದೆ ಎದ್ದು ಹೋದೆಯಲ್ಲ, ಅಷ್ಟು ಸೊಕ್ಕು ಯಾಕೆ? ಕೂತು ನನಗೆ ಎರಡು ಬಾರಿಸಿ ಉಂಡು ಹೋಗಬೇಕಿತ್ತು. ಕಪ್ಪು ಒಡಲು, ಕೆಂಪು ಅಂಚು ಅಂತ ಮೂರು ವರ್ಷ ನನ್ನ ಪ್ರಾಣ ತಿಂದೆ. ಈಗ ಅದನ್ನು ಯಾರಿಗೆ ನೇಯಲಿ, ಹೇಳು. ನನ್ನ ಮದುವೆಗೆ ಬರಬೇಡ ಅಂದಿದ್ದೆ. ನಾನು ಹೇಳಿದ ಒಂದು ಮಾತಾದರೂ ನೀನು ಎಂದಾದರೂ ಕೇಳಿದ್ದುಂಟಾ? ಇದೊಂದನ್ನೇ ಯಾಕೆ ಕೇಳಿದೆ?”

ಬಸ್‌ ಸ್ಟ್ಯಾಂಡಿನಲ್ಲಿ ಪಾತಣ್ಣ ಚೀಲ ತೆಗೆದುಕೊಂಡು, ಅವಳ ಎದುರಿಗೇ ಪುಸ್ತಕ ಬಿಚ್ಚಿ, ಮೆಟ್ಟಿಲ ಮೇಲೆ ನಿಂತು ಹಾಳೆ ಎಣಿಸಿದ. ಕದ್ದು ಓದುವ ಕಾಲ ಮುಗಿದಿತ್ತು. ಒಂದೆರಡು ಸಾಲು ಓದಿ, ಮುಚ್ಚಿ, ಟಿಕೆಟ್ ಚೀಲದ ಒಳಗೆ ಜೋಪಾನವಾಗಿ ಇಟ್ಟ. ಆಮೇಲೆ ಮುಂದಕ್ಕೆ ಬಗ್ಗಿ ಡ್ರೈವರಿಗೆ ಕೂಗಿ ಹೇಳಿದ:

“ದೇವಸಮುದ್ರದಾಗೆ ಇವತ್ತು ಹತ್ತು ನಿಮಿಷ ಜಾಸ್ತಿ ನಿಲ್ಲಿಸಪ್ಪಾ. ಓದಾದು ಬಾಳ ಐತೆ.”